ಆಧಾರ್ ಗೋವಾದ್ದಾದರೆ ಡೊಮಿಸೈಲ್ ಯಾವುದು?

"ವಕೀಲ್ರೇ, ನಾವು ಗೋವಾದಲ್ಲಿದ್ದು ಇಪ್ಪತ್ತು ವರ್ಷ ಆಯ್ತು. ಆಧಾರೂ ಅಲ್ಲಿದೇ. ಈಗ ನಮ್ಮ ಡೊಮಿಸೈಲ್ ಯಾವುದು?" ಕಾರವಾರದಲ್ಲಿ ವಕೀಲಿ ಮಾಡುವ ನನಗೆ ಈ ಪ್ರಶ್ನೆ ಬರದ ತಿಂಗಳಿಲ್ಲ. ಸಿಇಟಿ ಹತ್ತಿರ ಬಂದಾಗಲಂತೂ ದಿನಾ ಬರುತ್ತದೆ. ಮಾಜಾಳಿ ದಾಟಿದರೆ ಗೋವಾ. ಬೆಳಿಗ್ಗೆ ಹೋಗಿ ಸಂಜೆ ಬರುವವರು, ಮಡಗಾಂವ್, ವಾಸ್ಕೋಗಳಲ್ಲಿ ಬಾಡಿಗೆ ಮನೆ ಹಿಡಿದವರು ನಮ್ಮ ಬದಿಗೆ ಕಡಿಮೆಯೇನಿಲ್ಲ.

ಡೊಮಿಸೈಲ್ ಶಬ್ದ ಲ್ಯಾಟಿನ್ನಿನದು, 'ಡೋಮುಸ್' ಎಂದರೆ ಮನೆ. ಕನ್ನಡದಲ್ಲಿ ಅಧಿವಾಸ ಎನ್ನುತ್ತೇವೆ. ಬರೀ ವಾಸ ಇದ್ದರೆ ಅಧಿವಾಸ ಆಗುವುದಿಲ್ಲ, 'ಇನ್ನು ನನ್ನ ಬದುಕು ಇಲ್ಲೇ' ಎಂಬ ಉದ್ದೇಶವೂ ಬೇಕು. ಸಾಮಾನ್ಯವಾಗಿ ಹುಟ್ಟುವಾಗ ತಂದೆಯ ಅಧಿವಾಸವೇ ಮಗುವಿಗೆ ಬರುತ್ತದೆ. ಬೇರೆ ದೇಶದಲ್ಲಿ ಕಾಯಂ ಆಗಿ ನೆಲೆಸುವ ತನಕ ಅದೇ ಉಳಿಯುತ್ತದೆ. ಹೊರಗಿನವನು ನೌಕರಿಗೋ ಕಸುಬಿಗೋ ಭಾರತದಲ್ಲಿ ಇದ್ದ ಮಾತ್ರಕ್ಕೆ ಇಲ್ಲಿ ನೆಲೆಸಿದವನಾಗುವುದಿಲ್ಲ ಎಂದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಬಿಡಿಸಿಯೇ ಹೇಳುತ್ತದೆ. ಅದೇ ಮಾತನ್ನು ತಿರುಗಿಸಿ, ಭಟ್ಕಳದಿಂದ ದುಬೈಗೆ ಹೋಗಿ ಮೂವತ್ತು ವರ್ಷ ದುಡಿದವರಿಗೆ ಹಚ್ಚಿ ನೋಡಿ. ಮನೆ ಕಟ್ಟಿಸಿದ್ದು ಊರಲ್ಲಿ, ಮಕ್ಕಳ ಮದುವೆ ಊರಲ್ಲಿ, ಕೆಲಸ ಮುಗಿದ ದಿನ ಬರುವುದೂ ಊರಿಗೇ. ತೆರಿಗೆಯ ಕಾನೂನು ದಿನ ಎಣಿಸಿ ಅವರನ್ನು ಅನಿವಾಸಿ ಎನ್ನಬಹುದು. ಅಧಿವಾಸ ಮಾತ್ರ ಭಾರತದ್ದೇ.

ಹಾಗಾದರೆ ಗೋವಾ, ಕರ್ನಾಟಕ ಅಂತ ಬೇರೆ ಬೇರೆ ಡೊಮಿಸೈಲ್? ಅದು ಇಲ್ಲ. ಪ್ರದೀಪ್ ಜೈನ್ ಪ್ರಕರಣದಲ್ಲಿ 1984ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ: ಇರುವುದು ಒಂದೇ, ಭಾರತದ ಅಧಿವಾಸ, ರಾಜ್ಯದ ಡೊಮಿಸೈಲ್ ಎನ್ನುವುದು ಸರಿಯಲ್ಲ. 2025ರ ಜನವರಿಯಲ್ಲಿ, ವೈದ್ಯಕೀಯ ಸ್ನಾತಕೋತ್ತರ ಸೀಟುಗಳ ಪ್ರಕರಣದಲ್ಲಿ, ಮತ್ತೆ ಅದನ್ನೇ ಹೇಳಿತು. ಇದು ನನಗೆ ಅರ್ಥವಾದದ್ದು ಪುಸ್ತಕಕ್ಕಿಂತ ಹೆಚ್ಚಾಗಿ ನಮ್ಮ ಅಜ್ಜನಿಂದ. ಅವರು ಹುಟ್ಟಿದಾಗ ಊರು ಮುಂಬೈ ಪ್ರಾಂತ್ಯದಲ್ಲಿತ್ತು. 1956ಕ್ಕೆ ಮೈಸೂರು ರಾಜ್ಯಕ್ಕೆ ಬಂತು, 1973ಕ್ಕೆ ಕರ್ನಾಟಕವಾಯಿತು. ಅಂಗಳದ ತುಳಸಿಕಟ್ಟೆ ಒಂದು ಗೇಣು ಅತ್ತಿತ್ತ ಆಗಲಿಲ್ಲ.

ನಾಡಕಚೇರಿಯಲ್ಲಿ ಸಿಗುವುದು ವಾಸಸ್ಥಳ ದೃಢೀಕರಣ ಪತ್ರ. ಜನ ಅದನ್ನೇ ಡೊಮಿಸೈಲ್ ಎನ್ನುತ್ತಾರೆ, ತೊಡಕು ಶುರುವಾಗುವುದು ಅಲ್ಲೇ. ವಾಸದ ನಿಯಮ ಒಂದೊಂದು ಕೆಲಸಕ್ಕೆ ಒಂದೊಂದು. ಗೋವಾದ ಸರ್ಕಾರಿ ನೌಕರಿಗೆ ಸಾಮಾನ್ಯವಾಗಿ 15 ವರ್ಷದ ವಾಸದ ಪತ್ರ ಕೇಳುತ್ತಾರೆ. ಮತದಾರರ ಪಟ್ಟಿಗೆ ನೀವು ಆ ಕ್ಷೇತ್ರದ ಸಾಮಾನ್ಯ ನಿವಾಸಿಯಾಗಿರಬೇಕು, ಊರಲ್ಲಿ ಮನೆ ಇದೆ ಎಂದಷ್ಟೇ ಹೇಳಿದರೆ ಸಾಲದು. ಇನ್ನು ಆಧಾರ್: ಅದು ಪೌರತ್ವಕ್ಕಾಗಲಿ ಅಧಿವಾಸಕ್ಕಾಗಲಿ ಪುರಾವೆ ಅಲ್ಲ ಎಂದು 2016ರ ಆಧಾರ್ ಕಾಯ್ದೆಯ 9ನೇ ಕಲಮಿನಲ್ಲೇ ಇದೆ. ಅದಕ್ಕೇ, ಬಂದವರನ್ನು ನಾನು ಮೊದಲು ಕೇಳುವುದು "ಯಾವ ಕೆಲಸಕ್ಕೆ ಬೇಕು?" ಎಂದು.

ಹಿಂದಿನ ವರ್ಷ ಒಬ್ಬ ತಾಯಿ ಪ್ಲಾಸ್ಟಿಕ್ ಚೀಲದಲ್ಲಿ ಮಗನ ಕಾಗದಪತ್ರ ತಂದಿದ್ದರು. ಆಧಾರ್ ಗೋವಾದ್ದು, ಇಲ್ಲಿ ಸೀಟು ಸಿಗುವುದಿಲ್ಲ ಎಂದು ಅರ್ಜಿ ಬರೆಯುವವರೊಬ್ಬರು ಹೆದರಿಸಿ, ವಿಳಾಸ ಬದಲಿಸಲು ದುಡ್ಡನ್ನೂ ಕೇಳಿದ್ದರಂತೆ. ನನಗೆ ಹೊಟ್ಟೆ ಉರಿಯಿತು. ಸಿಇಟಿಯ ಸಾಮಾನ್ಯ ನಿಯಮ ನೋಡುವುದು ಓದನ್ನು: ಒಂದನೇ ಇಯತ್ತೆಯಿಂದ ದ್ವಿತೀಯ ಪಿಯುಸಿ ತನಕ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು, ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಇಲ್ಲೇ ಪಾಸಾಗಿರಬೇಕು. ಇಬ್ಬರೂ ಮೇಜಿನ ಮೇಲೆ ಕಾಗದ ಹರಡಿ ಎಣಿಸಿದೆವು. ನಾಲ್ಕನೇ ತನಕ ಮಡಗಾಂವ್. ಐದರಿಂದ ಅಜ್ಜಿಮನೆಯಲ್ಲಿದ್ದು ಕಾರವಾರ. ಅವರು ಬೆರಳು ಮಡಚುತ್ತಾ ಹೋದರು, ಎಂಟು ವರ್ಷ ಆಯಿತು. ಮತ್ತೊಮ್ಮೆ ಎಣಿಸಿದರು.

"ಬಿಇಒ ಮೇಲುಸಹಿ ಮಾಡಿಸಿ ವ್ಯಾಸಂಗ ಪ್ರಮಾಣಪತ್ರ ತಗೊಳ್ಳಿ ಅಮ್ಮ, ಆಧಾರ್ ಹಾಗೇ ಇರಲಿ" ಎಂದೆ.