ಜಾಹೀರಾತಿಗೆಂದೇ ಕಟ್ಟಿದ ಮನೆ

ಇಂಗ್ಲೆಂಡಿನ ಬಾತ್ ಊರಿಗೆ ಹೋದವರು ರೋಮನ್ನರ ಸ್ನಾನಗೃಹ ನೋಡಿ ವಾಪಸಾಗುವುದೇ ಹೆಚ್ಚು. ನಾನೂ ತಂಗಿಯೂ ಬಸ್ಸು ಹತ್ತಿ ಊರಾಚೆಯ ಗುಡ್ಡದ ಮೇಲಿರುವ ಪ್ರಯರ್ ಪಾರ್ಕ್ ಎಂಬ ಹಳೆಯ ದೊಡ್ಡ ಮನೆಗೆ ಹೋದೆವು.

ಮನೆಯೊಳಗೆ ಬಿಡುವುದಿಲ್ಲ, ಅದು ಶಾಲೆಯದು. ತೋಟದ ಇಳಿಜಾರಿನಲ್ಲಿ ಕೆರೆಯವರೆಗೆ ಇಳಿದು ತಿರುಗಿ ನೋಡಿದರೆ ಮೇಲೆ ಕಂಬಗಳ ಸಾಲು. ತಂಗಿಗೆ ಬೇಜಾರು, “ಇಷ್ಟು ದೂರ ಬಂದು ಗೋಡೆ ನೋಡೋದಾ ಅಕ್ಕಾ?” ನನಗೇನೋ ಹೀಗೆ ನೋಡುವುದೇ ಸರಿ ಅನ್ನಿಸಿತು. ಆ ಮನೆ ಕಟ್ಟಿದ್ದೇ ದೂರದವರ ಕಣ್ಣಿಗೆ ಬೀಳಲಿ ಅಂತ.

ಕಟ್ಟಿಸಿದವನು ರಾಲ್ಫ್ ಅಲೆನ್. ಎಳೆ ವಯಸ್ಸಿನಲ್ಲೇ ಅಂಚೆ ಕೆಲಸಕ್ಕೆ ಸೇರಿ, ಅಂಚೆ ಮಾರ್ಗಗಳ ಗುತ್ತಿಗೆ ಹಿಡಿದು ಸಂಪಾದಿಸಿದ್ದನ್ನು ಕೂಂಬ್ ಡೌನ್ ಕಲ್ಲುಗಣಿಗಳಿಗೆ ಸುರಿದ. ಲಂಡನ್ನಿನವರಿಗೆ ಆ ಕಲ್ಲು ಬೇಡ. ಗ್ರೀನಿಚ್ ಆಸ್ಪತ್ರೆಗೆ ಕಲ್ಲು ಆರಿಸುವಾಗ ಅದನ್ನು ಮುಟ್ಟಿದರೆ ಪುಡಿಯಾಗುವ ಚೆಷೈರ್ ಚೀಸಿಗೆ ಹೋಲಿಸಿ ಗೇಲಿ ಮಾಡಿದರಂತೆ. ಅಲೆನ್ ವಾದಕ್ಕೆ ಇಳಿಯಲಿಲ್ಲ. 1730ರ ದಶಕದಲ್ಲಿ ಜಾನ್ ವುಡ್ ಎಂಬ ವಾಸ್ತುಶಿಲ್ಪಿಯನ್ನು ಹಿಡಿದು, ಅದೇ ಕಲ್ಲಿನಲ್ಲಿ ಅರಮನೆಯಂಥ ಮನೆ ಎಬ್ಬಿಸಿದ. ಭಾರ ಹೊರುತ್ತದೋ ಇಲ್ಲವೋ ಬಂದು ನೋಡಿ, ಅಂತ. (ನಡುವೆ ಇಬ್ಬರಿಗೂ ಮನಸ್ತಾಪವಾಗಿ ಕೆಲಸ ವುಡ್‌ನ ಕೈತಪ್ಪಿತು. ಮನೆ ಕಟ್ಟಿಸಿದವರಿಗೆ ಇದೇನು ಹೊಸತಲ್ಲ.)

ನಮ್ಮ ಬಸ್ಸು ಏರಿದ ರಸ್ತೆಯಲ್ಲೇ ಆಗ ಮರದ ಹಳಿಗಳಿದ್ದವು. ಕಲ್ಲು ತುಂಬಿದ ಬಂಡಿಗಳು ಬರೀ ಇಳಿಜಾರಿನ ಬಲದಿಂದ ನದಿದಂಡೆ ಸೇರುತ್ತಿದ್ದವು. ಖಾಲಿಯಾದ ಮೇಲೆ ಕುದುರೆಗಳು ಎಳೆದು ತರಬೇಕು. ಅದನ್ನು ನೋಡಲೆಂದೇ ಜನ ಬರುತ್ತಿದ್ದರಂತೆ. ಹಣ ಬಂದ ದಾರಿಯನ್ನು ಸಿರಿವಂತರು ಮುಚ್ಚಿಡುತ್ತಾರೆ, ಈತ ಮನೆಯ ಪಕ್ಕದಲ್ಲೇ ಓಡಿಸಿದ. ನನಗೆ ಅವನು ಹಿಡಿಸಿದ್ದು ಇದಕ್ಕೇ.

ಅಲೆನ್ 1764ರಲ್ಲಿ ತೀರಿಕೊಂಡ. 1830ರಲ್ಲಿ ಬಿಷಪ್ ಬೇನ್ಸ್ ಇಲ್ಲಿ ಕ್ಯಾಥೊಲಿಕ್ ಕಾಲೇಜು ತೆರೆದರು. ಮನೆಯ ಮುಂದಿನ ಭಾರೀ ಮೆಟ್ಟಿಲುಸಾಲು ಅವರ ಕಾಲದ್ದು; ಅದಿಲ್ಲದೆ ಮನೆ ಬೋಳಾಗಿ ಕಾಣುತ್ತಿತ್ತೇನೋ. 1836ರಲ್ಲಿ ಒಳಗೆಲ್ಲ ಬೆಂಕಿ. ಶಾಲೆ ಮುಚ್ಚಿತು, ತೆರೆಯಿತು, ಮತ್ತೆ ಮುಚ್ಚಿತು, ಮತ್ತೆ ತೆರೆಯಿತು. 1991ರಲ್ಲಿ ಇನ್ನೊಮ್ಮೆ ಬೆಂಕಿ. 1993ರಲ್ಲಿ ತೋಟವನ್ನು, ಹಳೆಯ ಮನೆ-ತೋಟಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ಕೊಟ್ಟು, ಮನೆಯನ್ನು ಶಾಲೆಯೇ ಉಳಿಸಿಕೊಂಡಿತು. ಇಂಥ ಮನೆ ಸಾಕುವುದು ಎಷ್ಟು ದುಬಾರಿಯೋ!

ಕೆರೆಯ ಮೇಲಿನ ಪಲ್ಲಾಡಿಯನ್ ಸೇತುವೆ, ಅಂದರೆ ಇಟಲಿಯ ವಾಸ್ತುಶಿಲ್ಪಿ ಪಲ್ಲಾಡಿಯೋನ ಶೈಲಿಯದು, 1755ರದು. ಅದರ ಕಲ್ಲಿನ ತುಂಬ ಹಿಂದಿನವರು ಕೆತ್ತಿ ಹೋದ ಹೆಸರುಗಳು, ಅಕ್ಷರ ಒಂದೊಂದೂ ಅಚ್ಚುಕಟ್ಟು. ತಂಗಿ ಬೆರಳಾಡಿಸಿ ನೋಡಿ, “ಚೀಸ್ ಅಂದಿದ್ದು ಪೂರ್ತಿ ಸುಳ್ಳಲ್ಲ ಬಿಡು” ಅಂದಳು.