ತೂಕ ಕೇಳುವ ಪುಟ

ದಾವಣಗೆರೆ ಎಪಿಎಂಸಿ ಯಾರ್ಡ್‌ನ ಒಂದು ದಲ್ಲಾಳಿ ಮಂಡಿಯಲ್ಲಿ ರೈತರಿಗೆ ಪಟ್ಟಿ, ಅಂದರೆ ಮಾಲಿನ ಬಿಲ್, ಬರೆದುಕೊಡೋಕೆ ಒಂದು ಹಳೆ ಪ್ರೋಗ್ರಾಂ ಇತ್ತು. ಯಾರೋ ಬರೆದು, ಇನ್ಯಾರೋ ತಿದ್ದಿ, ಕೊನೆಗೆ ನನ್ನ ಕೈಗೆ ಬಂದದ್ದು. ಹೊರಗಿನಿಂದ ನೋಡಿದರೆ ಮಾಮೂಲಿ ವಿಂಡೋಸ್ ಪ್ರೋಗ್ರಾಂ. ಒಳಗೆ ಇದ್ದದ್ದು ಮಾತ್ರ ಒಂದೇ ವಿಂಡೋ, ಅದರ ತುಂಬಾ ಒಂದು ಬ್ರೌಸರ್. ಅಡ್ರೆಸ್ ಬಾರ್ ಇಲ್ಲ, ಟ್ಯಾಬ್ ಇಲ್ಲ. ತೆರೆದ ಕೂಡಲೇ ಬಿಲ್ಲಿಂಗ್ ಪುಟ ಬರುತ್ತಿತ್ತು. ರೈತರ ಹೆಸರು, ಊರು, ಚೀಲ, ತೂಕ, ದರ, ಹಮಾಲಿ, ಎಲ್ಲಾ ಆ ಪುಟದಲ್ಲೇ.

ಹೀಗೆ ಮಾಡುವುದರಲ್ಲಿ ತಪ್ಪೇನಿಲ್ಲ. ಎಚ್‌ಟಿಎಂಎಲ್‌ನಲ್ಲಿ ಕನ್ನಡ ಅಕ್ಷರ ಚೆನ್ನಾಗಿ ಕಾಣುತ್ತದೆ, ಪಟ್ಟಿಯ ಅಂದ ಬದಲಾಯಿಸೋದು ಸುಲಭ. ಆದರೆ ತೂಕದ ಯಂತ್ರ ಕಂಪ್ಯೂಟರ್‌ಗೆ ಸೇರುವುದು ಸೀರಿಯಲ್ ಕೇಬಲ್‌ನಿಂದ. ಆ ಕೇಬಲ್‌ನಲ್ಲಿ ಏನು ಬರುತ್ತಿದೆ ಅಂತ ಆ ಕಾಲದ ಪುಟಕ್ಕೆ ಗೊತ್ತಾಗುತ್ತಿರಲಿಲ್ಲ. ಅದನ್ನು ಓದುವುದು ಹೊರಗಿನ ಪ್ರೋಗ್ರಾಂನ ಕೆಲಸ. ಹಾಗಾಗಿ ಪುಟದೊಳಗಿನ ಸ್ಕ್ರಿಪ್ಟ್, ಅಂದರೆ ಪುಟದಲ್ಲೇ ಬರೆದ ಕೋಡ್, ತನ್ನನ್ನು ಹೊತ್ತುಕೊಂಡಿರುವ ಪ್ರೋಗ್ರಾಂನ ಒಂದು ಮೆಥಡ್‌ಅನ್ನು, ಅಂದರೆ ಹೆಸರಿಟ್ಟ ಒಂದು ಕೆಲಸವನ್ನು, ಕರೆಯಬೇಕು. ‘ತೂಕ ಎಷ್ಟಿದೆ ಹೇಳು’ ಅಂತ ಕೇಳಬೇಕು.

ದೀಪಾವಳಿ ಮುಗಿದ ಮೇಲಿನ ದಿನಗಳು. ದಾವಣಗೆರೆ ಅಂದ ಕೂಡಲೇ ಹೊರಗಿನವರು ಬೆಣ್ಣೆ ದೋಸೆ ಅಂತಾರೆ. ಯಾರ್ಡ್‌ನಲ್ಲಿ ಇರುವವರಿಗೆ ಆ ಹೊತ್ತಿನಲ್ಲಿ ಮೆಕ್ಕೆಜೋಳ ಬಿಟ್ಟು ಬೇರೆ ಏನೂ ನೆನಪಾಗಲ್ಲ. ಜಗಳೂರು, ಹರಪನಹಳ್ಳಿ ಕಡೆಯಿಂದ ಟ್ರ್ಯಾಕ್ಟರ್ ಬರುತ್ತಲೇ ಇರುತ್ತವೆ. ಅಂಥ ಹೊತ್ತಿನಲ್ಲೇ ಮಂಡಿಯ ಹಳೆ ವಿಂಡೋಸ್ 7 ಕಂಪ್ಯೂಟರ್ ಕೈಕೊಟ್ಟಿತು. ಸಾವ್ಕಾರ್ರು ಸಂಜೆಗೇ ವಿಂಡೋಸ್ 11 ಇರುವ ಹೊಸದು ತರಿಸಿದರು. ನನಗೆ ಫೋನ್ ಬಂತು. “ತಮ್ಮಾ, ಬೆಳಿಗ್ಗೆ ಲಗೂನೆ ಬಾ. ತೂಕ ಶುರುವಾಗೋದ್ರೊಳಗೆ ಕೂರಿಸಿಕೊಡು.”

ಬೆಳಿಗ್ಗೆ ಹೋಗಿ ಹಳೆ ಪ್ರೋಗ್ರಾಂ ಹಾಕಿದೆ. ತೆರೆಯಿತು. ಆದರೆ ಪುಟದ ಕಾಲಂಗಳೆಲ್ಲ ಒಂದರ ಕೆಳಗೊಂದು ಬಿದ್ದಿದ್ದವು. ದರದ ಪೆಟ್ಟಿಗೆ ಎಲ್ಲೋ ಮೂಲೆಗೆ ಹೋಗಿತ್ತು. ಕಾರಣ ಗೊತ್ತಿರುವವರಿಗೆ ನಗು ಬರುತ್ತದೆ. ಪ್ರೋಗ್ರಾಂನೊಳಗೆ ಕೂರಿಸಿದ ಆ ಹಳೆ ಬ್ರೌಸರ್‌ಗೆ ವೆಬ್‌ಬ್ರೌಸರ್ ಕಂಟ್ರೋಲ್ ಅನ್ನುತ್ತಾರೆ. ಅದಕ್ಕೆ ಏನೂ ಹೇಳದೆ ಇದ್ದರೆ ಅದು ಇಂಟರ್ನೆಟ್ ಎಕ್ಸ್‌ಪ್ಲೋರರ್ 7ರ ಹಾಗೆ ನಡೆದುಕೊಳ್ಳುತ್ತದೆ. ಕಂಪ್ಯೂಟರ್‌ನಲ್ಲಿ ಎಕ್ಸ್‌ಪ್ಲೋರರ್ 11 ಇದ್ದರೂ ಅಷ್ಟೇ. ಅದನ್ನು ಬದಲಾಯಿಸಲು ವಿಂಡೋಸ್‌ನ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿಯಲ್ಲಿ ‘ಫೀಚರ್ ಬ್ರೌಸರ್ ಎಮ್ಯುಲೇಶನ್’ ಎಂಬ ಜಾಗದಲ್ಲಿ ಪ್ರೋಗ್ರಾಂ ಫೈಲ್‌ನ ಹೆಸರು ಬರೆದು ಮುಂದೆ 11001 ಅಂತ ಹಾಕಬೇಕು. ಹಳೆ ಕಂಪ್ಯೂಟರ್‌ನಲ್ಲಿ ಯಾರೋ ಪುಣ್ಯಾತ್ಮರು ಹಾಕಿದ್ದರು. ಹೊಸದರಲ್ಲಿ ಎಲ್ಲಿಂದ ಬರಬೇಕು? ಹಾಕಿದೆ, ಕಾಲಂಗಳು ನೆಟ್ಟಗಾದವು.

ಅಲ್ಲಿಗೇ ಬಿಡಬಹುದಿತ್ತು. ಆದರೆ ಸಾವ್ಕಾರ್ರ ಮಗ ಪಟ್ಟಿಯ ಮೇಲೆ ಕ್ಯೂಆರ್ ಕೋಡ್ ಬರುವ ಹೊಸ ಪುಟ ಮಾಡಿಸಿ ಇಟ್ಟಿದ್ದ. ಅದನ್ನು ತೆರೆದರೆ ಸ್ಕ್ರಿಪ್ಟ್ ಎರರ್. ಹೊಸ ಜಾವಾಸ್ಕ್ರಿಪ್ಟ್‌ನಲ್ಲಿ ಫಂಕ್ಷನ್ ಬರೆಯಲು ಬಾಣದ ಗುರುತು ಬಳಸುತ್ತಾರಲ್ಲ, ಅದು ಎಕ್ಸ್‌ಪ್ಲೋರರ್ 11ಕ್ಕೂ ಅರ್ಥವಾಗಲ್ಲ. ಅದರ ಡೆಸ್ಕ್‌ಟಾಪ್ ಬ್ರೌಸರ್‌ಗೆ 2022ರ ಜೂನ್ 15ಕ್ಕೇ ಬೆಂಬಲ ನಿಂತಿದೆ. ಇನ್ನು ಅದಕ್ಕೆ ಜೋತುಬೀಳುವುದರಲ್ಲಿ ಅರ್ಥವಿಲ್ಲ ಅಂತ ಅನ್ನಿಸಿತು. ಎಡ್ಜ್‌ನ ಎಂಜಿನ್ ಮೇಲೆ ನಡೆಯುವ ವೆಬ್‌ವ್ಯೂ2 ಹಾಕೋಣ ಅಂತ ತೀರ್ಮಾನ ಮಾಡಿದೆ. ಆವತ್ತಿನ ಮಟ್ಟಿಗೆ ಹಳೆ ಪುಟದಲ್ಲೇ ಕೆಲಸ ನಡೆಯಲಿ ಅಂತ ಗುಮಾಸ್ತರಿಗೆ ಹೇಳಿ, ಅಲ್ಲೇ ಗೋಡೆ ಪಕ್ಕ ಲ್ಯಾಪ್‌ಟಾಪ್ ತೆಗೆದು ಕೂತೆ.

ಹಳೆ ಕೋಡ್ ಓದುತ್ತಾ ಹೋದರೆ ಮೊದಲು ಕಂಡದ್ದು ಬ್ರಿಡ್ಜ್. ಪುಟ ಮತ್ತು ಪ್ರೋಗ್ರಾಂ ನಡುವಿನ ಕೊಂಡಿಗೆ ನಾವು ಹಾಗೇ ಕರೆಯೋದು. ಹಳೆ ಕಂಟ್ರೋಲ್‌ನಲ್ಲಿ ‘ಆಬ್ಜೆಕ್ಟ್ ಫಾರ್ ಸ್ಕ್ರಿಪ್ಟಿಂಗ್’ ಅಂತ ಒಂದು ಪ್ರಾಪರ್ಟಿ ಇದೆ. ಅದಕ್ಕೆ ಯಾವ ಆಬ್ಜೆಕ್ಟ್, ಅಂದರೆ ಮೆಥಡ್‌ಗಳ ಕಟ್ಟು, ಕೊಡುತ್ತೀವೋ ಅದು ಪುಟದಲ್ಲಿ ‘ವಿಂಡೋ ಡಾಟ್ ಎಕ್ಸ್‌ಟರ್ನಲ್’ ಅಂತ ಸಿಗುತ್ತದೆ. ಆ ಆಬ್ಜೆಕ್ಟ್‌ನ ಕೋಡ್ ಇರುವ ಕ್ಲಾಸ್‌ನ ನೆತ್ತಿಯ ಮೇಲೆ ‘ಕಾಮ್ ವಿಸಿಬಲ್’ ಅಂತ ಬರೆದಿರಬೇಕು, ಇಲ್ಲದಿದ್ದರೆ ಪ್ರೋಗ್ರಾಂ ಅಲ್ಲೇ ತಕರಾರು ತೆಗೆಯುತ್ತದೆ. ಇಲ್ಲಿ ಬರೆದವರು ಇಡೀ ಫಾರ್ಮನ್ನೇ, ಅಂದರೆ ಪ್ರೋಗ್ರಾಂನ ವಿಂಡೋವನ್ನೇ, ಕೊಟ್ಟುಬಿಟ್ಟಿದ್ದರು. ಅವರನ್ನು ಬೈಯೋಕಾಗಲ್ಲ, ಕಲಿಯಲು ಕೊಡುವ ಮಾದರಿ ಕೋಡ್‌ನಲ್ಲೂ ಹಾಗೇ ಇರುತ್ತದೆ. ಆದರೆ ಅದರ ಅರ್ಥ, ಫಾರ್ಮ್‌ನ ಪಬ್ಲಿಕ್ ಮೆಥಡ್‌ಗಳೆಲ್ಲ ಪುಟದ ಕೈಗೆ ಬಂದವು. ಪುಟದ ಮೂಲೆಯಲ್ಲಿದ್ದ ‘ಮುಚ್ಚು’ ಬಟನ್ ನೇರವಾಗಿ ಫಾರ್ಮ್‌ನ ಕ್ಲೋಸ್ ಮೆಥಡ್ ಕರೆಯುತ್ತಿತ್ತು! ಇನ್ನೊಂದು ಮೆಥಡ್ ಇತ್ತು, ಯಾವ ಫೈಲ್‌ನ ಹೆಸರು ಕೊಟ್ಟರೂ ಅದನ್ನು ಓದಿ ಪುಟಕ್ಕೆ ಕೊಡುವುದು. ಹಿಂದಿನ ವರ್ಷದ ಬಾಕಿ ಲೆಕ್ಕ ತೋರಿಸಲು ಮಾಡಿದ್ದಿರಬೇಕು. ಪುಟ ನಮ್ಮದೇ ಆಗಿರುವವರೆಗೆ ಸರಿ. ಬೇರೆ ಯಾವುದಾದರೂ ಸ್ಕ್ರಿಪ್ಟ್ ಆ ಪುಟದೊಳಗೆ ಬಂದರೆ ಅದಕ್ಕೂ ಅಷ್ಟೇ ಅಧಿಕಾರ.

ಗುಮಾಸ್ತರು ಚಹಾ ಕೊಡುತ್ತಾ ಏನು ನೋಡ್ತಿದ್ದೀ ಅಂದರು. ಸುಮ್ನೆ ಹೇಳಿದೆ, ನಿಮ್ಮ ಗಲ್ಲಾಪೆಟ್ಟಿಗೆಯ ಬೀಗದ ಕೈ ಗಿರಾಕಿ ಕಡೆಗಿದೆ, ಅವರೇ ತೆಗೆದು ಚಿಲ್ಲರೆ ತಗೊಳ್ಳೋ ಹಾಗಿದೆ ಅಂತ. “ಅಯ್ಯಯ್ಯೋ, ಹಂಗಾದ್ರೆ ಹೆಂಗ? ಕೇಳಬೇಕು, ನಾವು ಎಣಿಸಿ ಕೊಡಬೇಕು” ಅಂದರು. ಹೊಸ ಬ್ರಿಡ್ಜ್ ಮಾಡುವಾಗ ನಾನು ಇಟ್ಟುಕೊಂಡ ನಿಯಮವೂ ಅದೇ. ಪುಟ ಕೇಳಬೇಕು, ಪ್ರೋಗ್ರಾಂ ನೋಡಿ ಕೊಡಬೇಕು.

ವೆಬ್‌ವ್ಯೂ2ನಲ್ಲಿ ಎರಡು ದಾರಿ ಇವೆ. ಹಳೆಯದರ ಹಾಗೇ ಒಂದು ಆಬ್ಜೆಕ್ಟನ್ನು ಹೆಸರಿಟ್ಟು ಪುಟಕ್ಕೆ ಕೊಡಬಹುದು, ಅದಕ್ಕೆ ಹೋಸ್ಟ್ ಆಬ್ಜೆಕ್ಟ್ ಅನ್ನುತ್ತಾರೆ. ಪುಟ ಅದರ ಮೆಥಡ್ ಕರೆದರೆ ಉತ್ತರ ತಕ್ಷಣ ಬರಲ್ಲ, ‘ಆಮೇಲೆ ಕೊಡ್ತೀನಿ’ ಅನ್ನುವ ಪ್ರಾಮಿಸ್ ಬರುತ್ತದೆ. ತಕ್ಷಣ ಬೇಕು ಅಂದರೆ ‘ಸಿಂಕ್’ ಅಂತ ಸೇರಿಸಬಹುದು. ಆದರೆ ಆಗ ಉತ್ತರ ಬರುವ ತನಕ ಪುಟದ ಸ್ಕ್ರಿಪ್ಟ್ ಕಾಯುತ್ತಾ ನಿಲ್ಲುತ್ತದೆ. ಎರಡನೇ ದಾರಿ ಸಂದೇಶ. ಪುಟ ‘ಪೋಸ್ಟ್‌ಮೆಸೇಜ್’ ಮಾಡುತ್ತದೆ, ಪ್ರೋಗ್ರಾಂನಲ್ಲಿ ‘ವೆಬ್ ಮೆಸೇಜ್ ರಿಸೀವ್ಡ್’ ಅನ್ನುವ ಈವೆಂಟ್ ಏಳುತ್ತದೆ, ಉತ್ತರವನ್ನು ಪ್ರೋಗ್ರಾಂ ಅದೇ ರೀತಿ ವಾಪಸ್ ಕಳಿಸುತ್ತದೆ. ನಾನು ಎರಡನೆಯದನ್ನೇ ಹಿಡಿದೆ. ಬರೆಯುವುದು ಸ್ವಲ್ಪ ಜಾಸ್ತಿ. ಆದರೆ ಯಾವ ಸಂದೇಶಕ್ಕೆ ಏನು ಮಾಡಬೇಕು ಅನ್ನುವ ಪಟ್ಟಿ ಒಂದೇ ಕಡೆ ಇರುತ್ತದೆ, ಅದರಲ್ಲಿ ಇಲ್ಲದ್ದನ್ನು ಯಾರು ಕೇಳಿದರೂ ಸಿಗಲ್ಲ.

ತೂಕದ ಓದುವಿಕೆಯಲ್ಲಿ ಇನ್ನೊಂದು ಕಾಟ ಇತ್ತು. ಹಳೆ ಮೆಥಡ್ ತೂಕ ನಿಲ್ಲುವ ತನಕ ಅಲ್ಲೇ ಕಾಯುತ್ತಿತ್ತು. ಚೀಲ ಇಟ್ಟ ಕೂಡಲೇ ಅಂಕಿ ಕುಣಿಯುತ್ತದೆ, ಒಂದು ಕ್ಷಣ ಬಿಟ್ಟು ನಿಲ್ಲುತ್ತದೆ. ಅಷ್ಟು ಹೊತ್ತು ಇಡೀ ವಿಂಡೋ ಬೆಳ್ಳಗಾಗಿ, ಮೇಲೆ ‘ನಾಟ್ ರೆಸ್ಪಾಂಡಿಂಗ್’ ಅಂತ ಬರುತ್ತಿತ್ತು. ಕರೆ ಬಂದದ್ದು ಯುಐ ಥ್ರೆಡ್‌ನಲ್ಲಿ, ಅಂದರೆ ಪರದೆ ನೋಡಿಕೊಳ್ಳುವ ಕೆಲಸದ ಎಳೆಯಲ್ಲಿ. ಅದೇ ಥ್ರೆಡ್ ಕೇಬಲ್ ಸೇರುವ ಪೋರ್ಟ್‌ಗಾಗಿ ಕಾದರೆ ಪರದೆ ಬಿಡಿಸುವವರು ಯಾರು? ಹೊಸದರಲ್ಲಿ ಪೋರ್ಟ್‌ನ ‘ಡೇಟಾ ರಿಸೀವ್ಡ್’ ಈವೆಂಟ್‌ಗೆ ಆ ಕೆಲಸ ಬಿಟ್ಟೆ. ಅದು ಬೇರೆ ಥ್ರೆಡ್‌ನಲ್ಲಿ ಏಳುತ್ತದೆ. ಆದರೆ ವೆಬ್‌ವ್ಯೂ2ನ ಮಾತೆಲ್ಲ ಯುಐ ಥ್ರೆಡ್‌ನಿಂದಲೇ ಆಡಬೇಕು. ಹಾಗಾಗಿ ಓದಿದ್ದನ್ನು ‘ಬಿಗಿನ್ ಇನ್ವೋಕ್’ ಮಾಡಿ ಈ ಕಡೆ ದಾಟಿಸಿ ಆಮೇಲೆ ಪುಟಕ್ಕೆ ಕಳಿಸಿದೆ. ಅಲ್ಲಿನ ಯಂತ್ರ ಅಂಕಿಯ ಮುಂದೆ ಎಸ್‌ಟಿ ಅಥವಾ ಯುಎಸ್ ಅಂತ ಎರಡಕ್ಷರ ಸೇರಿಸಿ ಕಳಿಸುತ್ತಿತ್ತು. ಎಸ್‌ಟಿ ಅಂದರೆ ತೂಕ ನಿಂತಿದೆ, ಯುಎಸ್ ಅಂದರೆ ಇನ್ನೂ ಅಲ್ಲಾಡುತ್ತಿದೆ. ಎಸ್‌ಟಿ ಇರುವ ಸಾಲು ಮಾತ್ರ ತಗೊಂಡರೆ ಆಯಿತು.

ಆಗಲೇ ಹಮಾಲರ ಕೆಲಸ ನಿಂತು ನೋಡಿದೆ. ಒಂದು ಚೀಲ ಇಳಿಸುತ್ತಿದ್ದ ಹಾಗೆ ಇನ್ನೊಂದು ಯಂತ್ರದ ಮೇಲೆ. ಗುಮಾಸ್ತರಿಗೆ ಬಟನ್ ಎರಡು ಸಲ ಒತ್ತುವ ಅಭ್ಯಾಸ. ಉತ್ತರ ತಡವಾಗಿ ಬಂದರೆ ಮೊದಲ ಚೀಲದ ತೂಕ ಎರಡನೇ ಸಾಲಿನಲ್ಲಿ ಕೂರುತ್ತದೆ, ರೈತರ ದುಡ್ಡಿನ ವಿಷಯ. ಅದಕ್ಕೆ ಪ್ರತಿ ಕೇಳಿಕೆಗೂ ಒಂದು ನಂಬರ್ ಕೊಟ್ಟೆ. ಪುಟ ನಂಬರ್ ಸಮೇತ ಕೇಳುತ್ತದೆ, ಪ್ರೋಗ್ರಾಂ ಅದೇ ನಂಬರ್ ಸಮೇತ ಉತ್ತರ ಕೊಡುತ್ತದೆ, ಪುಟ ಆ ನಂಬರ್ ಯಾವ ಸಾಲಿನದು ಅಂತ ನೋಡಿ ಅಲ್ಲೇ ತುಂಬುತ್ತದೆ. ಒಂದು ಕೇಳಿಕೆಗೆ ಉತ್ತರ ಬರುವ ತನಕ ಬಟನ್ ಕೆಲಸ ಮಾಡಲ್ಲ. ಗುಮಾಸ್ತರು ಎರಡಲ್ಲ, ನಾಲ್ಕು ಸಲ ಒತ್ತಲಿ.

ಮಧ್ಯಾಹ್ನ ಹೊಸ ಪ್ರೋಗ್ರಾಂನಲ್ಲಿ ಪುಟ ತೆರೆದು ಒಂದು ಚೀಲ ಇಡಿಸಿದೆವು. ತೂಕದ ಕಾಲಂಗೆ ಅಂಕಿ ಬಂತು. ಮೊತ್ತದ ಕಾಲಂನಲ್ಲಿ ಇಂಗ್ಲಿಷ್‌ನಲ್ಲಿ ‘ನ್ಯಾನ್’ ಅಂತ ಬಂತು.

“ಇದ್ಯಾರ್ದು ತಮ್ಮಾ ಹೆಸರು? ಈ ಹೆಸರಿನ ರೈತರು ನಮ್ಮಲ್ಲಿ ಯಾರೂ ಇಲ್ಲ” ಅಂದರು ಗುಮಾಸ್ತರು.

ಜಾವಾಸ್ಕ್ರಿಪ್ಟ್ ‘ಇದು ಸಂಖ್ಯೆಯೇ ಅಲ್ಲ’ ಅನ್ನುವುದು ಹಾಗೆ. ಕ್ಯೂಆರ್ ಪುಟದಲ್ಲಿ ಲೆಕ್ಕದ ಭಾಗವನ್ನು ಹಳೆ ಪುಟದಿಂದ ಹಾಗೇ ಎತ್ತಿ ತಂದಿದ್ದರು. ತೂಕ ಕೇಳು, ಮುಂದಿನ ಸಾಲಿನಲ್ಲೇ ದರದಿಂದ ಗುಣಿಸು, ನೂರರಿಂದ ಭಾಗಿಸು. ಹಳೆ ಕಾಲದಲ್ಲಿ ಕರೆ ಮುಗಿಯುವ ತನಕ ಸ್ಕ್ರಿಪ್ಟ್ ನಿಂತಿರುತ್ತಿತ್ತು, ನಡೆಯುತ್ತಿತ್ತು. ಸಂದೇಶದ ದಾರಿಯಲ್ಲೂ ಉತ್ತರ ಆಮೇಲೇ ಬರುವುದು, ಹಾಗಾಗಿ ಈಗ ಗುಣಿಸುವ ಹೊತ್ತಿಗೆ ಕೈಯಲ್ಲಿ ಇರುವುದು ತೂಕ ಅಲ್ಲ, ತೂಕ ಬರುತ್ತದೆ ಅನ್ನುವ ಪ್ರಾಮಿಸ್. ಅದನ್ನು ಕ್ವಿಂಟಲ್ ದರದಿಂದ ಗುಣಿಸಿದರೆ ಏನು ಬರಬೇಕು! ಅಂಥ ಜಾಗಗಳಲ್ಲೆಲ್ಲ ಉತ್ತರ ಬರುವ ತನಕ ಕಾಯಿ ಅನ್ನುವ ‘ಅವೇಟ್’ ಸೇರಿಸಿ, ಅದನ್ನು ಸುತ್ತಿರುವ ಫಂಕ್ಷನ್‌ಗಳಿಗೆ ಒಳಗೆ ಕಾಯುವುದಿದೆ ಅಂತ ಹೇಳುವ ‘ಅಸಿಂಕ್’ ಸೇರಿಸಿ, ಅವುಗಳನ್ನು ಕರೆಯುವ ಫಂಕ್ಷನ್‌ಗಳಿಗೂ ಸೇರಿಸುತ್ತಾ ಹೋದೆ. ಬ್ರಿಡ್ಜ್ ಬರೆದದ್ದಕ್ಕಿಂತ ಇದಕ್ಕೇ ಜಾಸ್ತಿ ಹೊತ್ತು ಹಿಡಿಯಿತು. ಹಳೆ ಪುಟಗಳನ್ನು ವೆಬ್‌ವ್ಯೂ2ಗೆ ತರುವವರು ಸಮಯ ಇಟ್ಟುಕೊಳ್ಳಬೇಕಾದದ್ದು ಇಲ್ಲೇ.

ಸಂಜೆ ಸಾವ್ಕಾರ್ರ ಮಗ ಬಂದ. ಎಲ್ಲಾ ನೋಡಿ ಖುಷಿಪಟ್ಟ. ಆಮೇಲೆ, “ಅಣ್ಣಾ, ಇದೇ ವಿಂಡೋದಲ್ಲಿ ಬೇರೆ ಮಾರ್ಕೆಟ್ ರೇಟ್ ನೋಡೋಕೆ ಒಂದು ಲಿಂಕ್ ಕೊಡಿ. ಒತ್ತಿದರೆ ಆ ಸೈಟ್ ಇಲ್ಲೇ ಬರಬೇಕು” ಅಂದ. ಲಿಂಕ್ ಕೊಟ್ಟೆ, ಆದರೆ ಸೈಟ್ ಅಲ್ಲೇ ಬರುವ ಹಾಗೆ ಮಾಡಲಿಲ್ಲ. ಪುಟ ಬದಲಾದರೂ ಬ್ರಿಡ್ಜ್ ಹಾಗೇ ಇರುತ್ತದೆ, ಹೊಸದಾಗಿ ಬಂದ ಸೈಟ್‌ನ ಸ್ಕ್ರಿಪ್ಟ್ ಕೂಡ ಸಂದೇಶ ಕಳಿಸಬಹುದು. ಅದಕ್ಕೆ ‘ನ್ಯಾವಿಗೇಶನ್ ಸ್ಟಾರ್ಟಿಂಗ್’ನಲ್ಲಿ ಒಂದು ತಡೆ ಹಾಕಿದೆ. ನಮ್ಮ ಪುಟ ಅಲ್ಲದ್ದು ಯಾವುದಾದರೂ ತೆರೆಯಲು ಹೊರಟರೆ ಅದನ್ನು ಇಲ್ಲಿ ನಿಲ್ಲಿಸಿ, ಹೊರಗೆ ಮಾಮೂಲಿ ಬ್ರೌಸರ್‌ನಲ್ಲಿ ತೆರೆಯುತ್ತದೆ. ಜೊತೆಗೆ ಪ್ರತಿ ಸಂದೇಶದ ‘ಸೋರ್ಸ್’, ಅಂದರೆ ಅದು ಬಂದ ಪುಟದ ವಿಳಾಸ, ಕೂಡ ನೋಡುತ್ತೇನೆ. ವಿಳಾಸದ ಶುರು ಹೊಂದಿದರೆ ಸಾಲದು, ಹೋಸ್ಟ್ ಹೆಸರು, ಅಂದರೆ ಸೈಟ್‌ನ ಹೆಸರು, ಪೂರ್ತಿ ಹೊಂದಬೇಕು. ಹುಡುಗನಿಗೆ ಸ್ವಲ್ಪ ಬೇಜಾರಾಯಿತು. ಎರಡು ವಿಂಡೋ ಯಾಕೆ ಅಂತ ಅವನ ತಕರಾರು. ಫೈಲ್ ಓದುವ ಆ ಮೆಥಡ್ ತೆಗೆದುಹಾಕಿ, ಬಾಕಿ ಲೆಕ್ಕಕ್ಕೆ ಮಾತ್ರ ಬೇರೆ ಸಂದೇಶ ಮಾಡಿದ್ದು ಅವನಿಗೆ ಗೊತ್ತೇ ಆಗಲಿಲ್ಲ.

ಹೊರಡುವಾಗ ಅವನ ಇನ್ನೊಂದು ಪ್ರಶ್ನೆ. ಇದೇ ಪುಟ ಮೊಬೈಲ್‌ನಲ್ಲಿ ಬರುತ್ತದಾ? ಬರುತ್ತದೆ, ಆದರೆ ಆಂಡ್ರಾಯ್ಡ್‌ನ ವೆಬ್‌ವ್ಯೂ ಬೇರೆ ಥರ. ಅಲ್ಲಿ ‘ಆ್ಯಡ್ ಜಾವಾಸ್ಕ್ರಿಪ್ಟ್ ಇಂಟರ್‌ಫೇಸ್’ ಅಂತ ಇದೆ. ಆಂಡ್ರಾಯ್ಡ್ 4.2 ಬರುವ ಮೊದಲು ಅದರಿಂದ ಕೊಟ್ಟ ಆಬ್ಜೆಕ್ಟ್‌ನ ಪಬ್ಲಿಕ್ ಮೆಥಡ್‌ಗಳನ್ನೆಲ್ಲ ಪುಟ ಕರೆಯಬಹುದಿತ್ತು, ಅದನ್ನೇ ಹಿಡಿದು ಒಳಗೆ ನುಗ್ಗುವ ದಾರಿಯೂ ಇತ್ತು. ಆಮೇಲೆ ಗುರುತು ಹಾಕಿದ ಮೆಥಡ್‌ಗಳು ಮಾತ್ರ ಸಿಗುವ ಹಾಗೆ ಮಾಡಿದರು. ಆದರೆ ಈಗಲೂ ಆ ಆಬ್ಜೆಕ್ಟ್ ಪುಟದೊಳಗೆ ಕೂರುವ ಬೇರೆ ಪುಟಗಳಿಗೂ, ಅಂದರೆ ಐಫ್ರೇಮ್‌ಗಳಿಗೂ, ಕಾಣುತ್ತದೆ, ಜಾಹೀರಾತಿನದಾದರೂ ಸರಿ. ಅಲ್ಲಿ ಮಾಡುವುದಾದರೆ ಯಾವ ಸೈಟ್‌ಗೆ ಅನುಮತಿ ಅಂತ ಮೊದಲೇ ಬರೆದುಕೊಡುವ ‘ವೆಬ್ ಮೆಸೇಜ್ ಲಿಸನರ್’ ಬಳಸುತ್ತೇನೆ. ಪುಟದಲ್ಲಿ ಬದಲಾಗುವುದು ಬ್ರಿಡ್ಜ್ ಫೈಲ್‌ನ ನಾಲ್ಕಾರು ಸಾಲು ಮಾತ್ರ.

ಇದನ್ನೆಲ್ಲ ಹೇಳಿ ಮುಗಿಸಿದ ಮೇಲೆ ಅವನು ಕೇಳಿದ, ಹಾಗಾದರೆ ತೂಕ ಬ್ಲೂಟೂತ್‌ನಲ್ಲಿ ನೇರ ಮೊಬೈಲ್‌ಗೆ ಬರುತ್ತದಾ ಅಂತ. ಆ ಯಂತ್ರದಲ್ಲಿ ಬ್ಲೂಟೂತ್ ಇಲ್ಲ. “ಅಪ್ಪಾಜಿಗೆ ಹೊಸ ಯಂತ್ರ ಕೊಡಿಸು ಅಂತ ನೀವೇ ಹೇಳ್ರಿ ಅಣ್ಣಾ” ಅಂದ. ನಾನು ಹೇಳಿಲ್ಲ.