ನಾಲ್ಕು ಇಂಚಿನ ಕಲ್ಲಿಗೆ ಎರಡು ಅರ್ಜಿ

ಇಂಗ್ಲೆಂಡಿನಲ್ಲಿ ಮನೆ ತಗೊಂಡಾಗ ಅಂಗಳದಲ್ಲೇ ಕಾರು ನಿಲ್ಲಿಸಬಹುದು ಅಂದುಕೊಂಡಿದ್ದೆ. ಜಾಗ ಇದೆ, ಕಾರೂ ಇದೆ. ನಡುವೆ ಅಡ್ಡ ಇರೋದು ಫುಟ್‌ಪಾತಿನ ಅಂಚಿನ ಕಲ್ಲು, ನಾಲ್ಕು ಇಂಚು ಎತ್ತರ ಅಷ್ಟೇ. ಅದನ್ನು ತಗ್ಗಿಸುವುದಕ್ಕೆ ಇಲ್ಲಿ ಡ್ರಾಪ್ಡ್ ಕರ್ಬ್ ಅಂತಾರೆ, ಕೌನ್ಸಿಲ್, ಅಂದರೆ ಇಲ್ಲಿನ ಸ್ಥಳೀಯ ಆಡಳಿತದ ಅನುಮತಿ ಬೇಕೇ ಬೇಕು.

ಅಪ್ಪನಿಗೆ ಫೋನಿನಲ್ಲಿ ಹೇಳಿದರೆ ನಕ್ಕುಬಿಟ್ಟರು. "ಎರಡು ಚಪ್ಪಡಿ ಹಾಕಿಸಿ ಎರಡು ಬಾಣಲಿ ಸಿಮೆಂಟ್ ಸುರಿದರೆ ಆಯ್ತಲ್ಲೋ, ಅದಕ್ಕೂ ಅರ್ಜಿನಾ?" ನಮ್ಮ ಮೈಸೂರಿನ ಮನೆಯ ಇಳಿಜಾರು ಆಗಿದ್ದು ಹಾಗೇ, ಮೋರಿ ಮೇಲೆ, ಒಂದು ಭಾನುವಾರ ಬೆಳಿಗ್ಗೆ. ಇಲ್ಲಿ ಅದು ಆಗಲ್ಲ. ಫುಟ್‌ಪಾತ್ ನಮ್ಮದಲ್ಲ, 1980ರ ಹೆದ್ದಾರಿ ಕಾಯ್ದೆಯ ಪ್ರಕಾರ ಅದರ ಮೇಲೆ ಕಾರು ಹತ್ತಿಸಿ ಒಳಗೆ ತರಬೇಕಾದರೆ ಅಲ್ಲೊಂದು ಸರಿಯಾದ ದಾರಿ ಇರಬೇಕು, ಖರ್ಚೆಲ್ಲ ನಮ್ಮದು, ಆದರೆ ಕಟ್ಟಿದ ಮೇಲೂ ಅದು ನಮ್ಮದಾಗಲ್ಲ. ಇದಕ್ಕೆ ನನಗೆ ಮೊದಲು ಮೈ ಉರಿದಿತ್ತು. ಆಮೇಲೆ ಯೋಚಿಸಿದೆ: ಕಲ್ಲಿನ ಕೆಳಗೇ ಗ್ಯಾಸ್ ಪೈಪು, ನೀರಿನ ಪೈಪು, ಕೇಬಲ್ಲು ಎಲ್ಲ ಇರುತ್ತವೆ, ಒಂದೂವರೆ ಟನ್ ಕಾರು ದಿನಾ ಹತ್ತಿ ಇಳಿದರೆ ಏನಾಗಬೇಡ?

ಮೊದಲ ಅರ್ಜಿ ತಿರಸ್ಕಾರ ಆಯಿತು. ಕಾರಣ, ನಮ್ಮ ಕೌನ್ಸಿಲ್ ಅಂಗಳ ಮನೆಯಿಂದ ಫುಟ್‌ಪಾತಿನವರೆಗೆ 4.8 ಮೀಟರ್ ಇರಬೇಕು ಅನ್ನುತ್ತದೆ, ನಮ್ಮದು 4.6. ನನ್ನ ಕಾರಿನ ಉದ್ದ 4.1 ಮೀಟರ್ ಕಣ್ರೀ! ಅದು ಲೆಕ್ಕಕ್ಕಿಲ್ಲ. ನಾಳೆ ದೊಡ್ಡ ಕಾರು ಬಂದು ಅದರ ಹಿಂಭಾಗ ಫುಟ್‌ಪಾತಿಗೆ ಚಾಚಿದರೆ ತಳ್ಳುಗಾಡಿಯಲ್ಲಿ ಮಗು ತರುವವರು ರಸ್ತೆಗೆ ಇಳಿಯಬೇಕಾಗುತ್ತದೆ ಅನ್ನೋದು ಅವರ ವಾದ. ಕಟ್ಟಿದ ಶುಲ್ಕವೂ ವಾಪಸ್ ಇಲ್ಲ.

ತಪ್ಪು ನನ್ನದೇ. ಮುಂದಕ್ಕೆ ಉಬ್ಬಿಕೊಂಡಿರುವ ಕಿಟಕಿಯಿಂದ ಟೇಪು ಹಿಡಿದಿದ್ದೆ. ಬಾಗಿಲ ಪಕ್ಕದ ಗೋಡೆಯಿಂದ ಅಳೆದರೆ 5.3 ಬರುತ್ತದೆ. ಕಾರು ನಿಲ್ಲುವ ಜಾಗವನ್ನು ಆ ಕಡೆ ಸರಿಸಿ, ಹೊಸ ನಕ್ಷೆ ಬರೆದು, ಮತ್ತೆ ದುಡ್ಡು ಕಟ್ಟಿದೆ. ಕೌನ್ಸಿಲಿನಿಂದ ಒಬ್ಬರು ಬಂದು ಅಳೆದರು, ದೀಪದ ಕಂಬ ಎಷ್ಟು ದೂರ ಇದೆ ನೋಡಿದರು (ಅಡ್ಡ ಬಂದಿದ್ದರೆ ಅದನ್ನು ಸರಿಸುವ ಖರ್ಚೂ ನನ್ನ ತಲೆಗೇ), ನೀರು ಎಲ್ಲಿಗೆ ಹರಿಯುತ್ತೆ ಕೇಳಿದರು. ಅಂಗಳಕ್ಕೆ ಸಿಮೆಂಟ್ ಬೇಡ, ನೀರು ಇಂಗುವ ಹಾಗೆ ಜಲ್ಲಿ ಹಾಕಿಸ್ತೀನಿ ಅಂದೆ. 2008ರಿಂದ ಇಲ್ಲಿ ಮನೆ ಮುಂದೆ 5 ಚದರ ಮೀಟರಿಗಿಂತ ಜಾಸ್ತಿ ಜಾಗಕ್ಕೆ ನೀರಿಳಿಯದ ನೆಲ ಹಾಕಿಸಿ, ನೀರನ್ನು ರಸ್ತೆಗೆ ಬಿಟ್ಟರೆ ಅದಕ್ಕೆ ಬೇರೆ ಅನುಮತಿ ಬೇಕು.

ಹೋದ ವಾರ ಒಪ್ಪಿಗೆ ಬಂತು. ಕೌನ್ಸಿಲ್ ಪಟ್ಟಿಯಲ್ಲಿರುವ ಗುತ್ತಿಗೆದಾರರೇ ಕೆಲಸ ಮಾಡಬೇಕಂತೆ. ಮೂವರಿಗೆ ಮೇಲ್ ಹಾಕಿದೆ, ಉತ್ತರ ಕೊಟ್ಟಿದ್ದು ಒಬ್ಬರು, ಅವರೂ ಮುಂದಿನ ತಿಂಗಳು ಬಂದು ನೋಡ್ತಾರಂತೆ. ಅಲ್ಲಿವರೆಗೆ ಕಾರು ಪಕ್ಕದ ಬೀದಿಯಲ್ಲೇ.